ಫಿರ್ಯಾದಿಯ ಕುರ್ಚಿ

ಬಳ್ಳಾರಿಯಲ್ಲಿ ಪೊಲೀಸರಿಗೂ ಠಾಣೆಯ ಗುಮಾಸ್ತರಿಗೂ ತರಬೇತಿ ಕೊಡುವ ಹವಾಲ್ದಾರ್ ಎರ್ರೆಪ್ಪನ ಪಾಠವೆಲ್ಲ ಒಂದೇ ಮಾತು: "ದೂರು ಕೊಡಾಕ ಬಂದೋರಿಗೆ ಮೊದ್ಲು ಕುರ್ಚಿ, ಆಮ್ಯಾಗ ನೀರು, ಕಡೀಗೆ ಪ್ರಶ್ನಿ." ಮನೆಗೆ ಹಾಲು ಹಾಕಲು ಬಂದವನನ್ನೂ ಅವನು ಕೂರಿಸಿ, ನೀರು ಕುಡಿಸಿಯೇ ಕಳಿಸುತ್ತಾನೆ. ಹೇಗೆ ಮಾತಾಡಬಾರದು ಎಂದು ತೋರಿಸಲು ಮಾತ್ರ ತಾನೇ ಸೊಕ್ಕಿನ ಪೇದೆಯಾಗಿ, ಹೊಟ್ಟೆ ಮುಂದೆ ಮಾಡಿ, ಹಲ್ಲಿಗೆ ಕಡ್ಡಿ ಹಾಕುತ್ತ, "ನಿನ್ ಮಗಳು ಎಲ್ಲಿಗ್ ಹೋಗ್ತಾಳ ಯಮ್ಮಾ, ಸಂಜೀಗೆ ಬರ್ತಾಳ, ನಡಿ ನಡಿ" ಎಂದು ರಾಗ ಎಳೆಯುತ್ತಾನೆ. ಸಿರುಗುಪ್ಪ, ಕುರುಗೋಡಿನಿಂದ ಬಂದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. "ಇನ್ನೊಮ್ಮೆ ಮಾಡ್ರಿ ಸಾರ್" ಎಂದು ಅದನ್ನೇ ಮಾಡಿಸಿ, ಕುರ್ಚಿಯ ಪಾಠಕ್ಕೆ ಬರುವಷ್ಟರಲ್ಲಿ ಊಟಕ್ಕೆ ಏಳುತ್ತಾರೆ. ಹೋದ ಬೇಸಿಗೆಯಲ್ಲಿ ಮಗಳು ಕಾಣೆಯಾದಳೆಂದು ರಾರಾವಿಯ ಅವನ ಅಕ್ಕ ವಿರೂಪಮ್ಮ ಠಾಣೆಯೊಂದಕ್ಕೆ ಹೋಗಿ, ನಿಂತುಕೊಂಡೇ ಅತ್ತು, ಬರಿಗೈಲಿ ಮರಳಿದಳು. "ಏನಂದ್ರಕ್ಕಾ ಅಲ್ಲಿ?" ಎಂದು ಎರ್ರೆಪ್ಪ ಕೇಳಿದಾಗ, ಅಲ್ಲಿನ ಪೇದೆ ಅಂದದ್ದನ್ನು ಅಕ್ಕ ಆ ಪೇದೆಯ ರಾಗದಲ್ಲೇ ಅಂದು ತೋರಿಸಿದಳು. ಮಾತೂ ರಾಗವೂ ಎರ್ರೆಪ್ಪ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದವೇ. ಹುಡುಗಿ ಇನ್ನೂ ಸಿಕ್ಕಿಲ್ಲ. ತರಗತಿಯಲ್ಲಿ ಈಗಲೂ "ಆ ಪೇದೆ ಪಾರ್ಟು ಮಾಡ್ರಿ ಸಾರ್" ಎಂಬ ಗದ್ದಲ ಏಳುತ್ತದೆ; ಎರ್ರೆಪ್ಪ ನೀರಿನ ಲೋಟ ಹಿಡಿದು ಖಾಲಿ ಕುರ್ಚಿಯ ಮುಂದೆ ನಿಂತುಬಿಡುತ್ತಾನೆ. ಅದಕ್ಕೂ ಅವರು ನಗುತ್ತಾರೆ.