ಒಳಗಿನಿಂದ ತೆರೆಯದ ಬಾಗಿಲು

ಮನೆಯಲ್ಲಿ ಒಂದು ಲೋಟ ನೀರನ್ನೂ ತಾವಾಗಿ ಬಗ್ಗಿಸಿಕೊಳ್ಳದ ನಮ್ಮ ಹೆಡ್‌ಮಾಸ್ಟರರು, ಹೋದಲ್ಲೆಲ್ಲ ಕಾರಿನಿಂದಿಳಿದು, ಬಾನೆಟ್ಟು ಸುತ್ತಿ ಬಂದು ಹೆಂಡತಿಗೆ ಬಾಗಿಲು ತೆಗೆಯುತ್ತಾರೆ. ಪ್ರೀತಿಯಿಂದಲ್ಲ, ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಇದು ತಿಳಿಯದ ಬೀದಿಯ ಹೆಂಗಸರು ತಮ್ಮ ಗಂಡಂದಿರನ್ನು ಹಂಗಿಸುತ್ತಾರೆ, ಗಂಡಂದಿರು ಹೆಡ್‌ಮಾಸ್ಟರರಿಗೆ ಹಿಡಿಶಾಪ ಹಾಕುತ್ತಾರೆ. ಅವರೋ, ಮೆಕ್ಯಾನಿಕ್ಕನಿಗೆ. "ಏನಯ್ಯಾ, ರಿಪೇರಿ ಮಾಡಿದ್ಯೋ, ಬರೀ ಒರೆಸಿ ಕಳಿಸಿದ್ಯೋ?" "ಇಲ್ಲಿ ಚೆನ್ನಾಗೇ ತೆಗೆಯುತ್ತಲ್ಲ ಸಾರ್!" ಎಂದು ಅವನ ಗೋಳು. ಆದರೆ ಮನೆಗೆ ಬರುವ ದಾರಿಯಲ್ಲೇ ಹೆಂಡತಿ, "ಮತ್ತೆ ಕೈಕೊಡ್ತು ನೋಡಿ" ಎನ್ನುತ್ತಾರೆ. ನಿನ್ನೆ ಅಂಗಡಿಯ ಮುಂದೆ ಇಳಿದ ಹೆಡ್‌ಮಾಸ್ಟರರು ಯಾರೊಡನೆಯೋ ಮಾತಿಗೆ ನಿಂತರು. ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು, ಆಕೆಯ ಒಂದು ಕಾಲು ಹೊರಗಿತ್ತು. ಗಂಡನನ್ನು ಕಂಡದ್ದೇ ತಡ, ಕಾಲು ಒಳಗೆ ಸೇರಿತು, ಬಾಗಿಲು ಮೆಲ್ಲಗೆ ಮುಚ್ಚಿತು. ಹೆಡ್‌ಮಾಸ್ಟರರು ಕಾರು ಸುತ್ತಿ ಬಂದು, ಮೆಕ್ಯಾನಿಕ್ಕನನ್ನು ಎಂದಿಗಿಂತ ಜೋರಾಗಿ ಬಯ್ಯುತ್ತಾ ಬಾಗಿಲು ತೆಗೆದರು.