ಶರಣಮ್ಮನವರ ಸೈಕಲ್ಲು

ಶರಣಮ್ಮನವರು ಮೂಗು ಸಿಂಡರಿಸಿದರೆಂದರೆ ಬಾಲಾನಗರದ ನಮ್ಮ ಲ್ಯಾಬಿನಲ್ಲಿ ಎಲ್ಲರ ಮಾತೂ ನಿಂತುಬಿಡುತ್ತಿತ್ತು. ಉಸಿರಿನ ಪರೀಕ್ಷೆ ಅವರ ಕೆಲಸ. ಕಾರ್ಖಾನೆಗಳಿಂದ ಬರುವ ಕಾರ್ಮಿಕರು ಯಂತ್ರದ ಕೊಳವೆಯನ್ನು ಬಾಯಿಗಿಟ್ಟು ಊದಬೇಕು. ಒಬ್ಬರಿಗೆ ಒಂದು ಕೊಳವೆ ಎಂಬುದು ನಿಯಮ. ನಮ್ಮ ಮಾಲೀಕ ಅದೇ ಕೊಳವೆಗಳನ್ನು ಬಕೆಟ್ಟಿನಲ್ಲಿ ಅದ್ದಿ ನಲವತ್ತು ಬಾಯಿಗೆ ಕೊಡಿಸುತ್ತಿದ್ದ. ಆ ನೀರಿನ ಮೇಲೆ ಗುಟಕಾದ ಚೂರು, ಕೆಳಗೆ ನೂಲಿನಂತೆ ತೇಲುವ ಕಫ. ಕೆಲಸಕ್ಕೆ ಸೇರಿದ ದಿನವೇ ಶರಣಮ್ಮ ಆ ಬಕೆಟ್ಟನ್ನು ಎತ್ತಿ ತಂದು ಮಾಲೀಕನ ಮೇಜಿನ ಮೇಲೆ ಕುಕ್ಕಿದರು.

"ಇದರಾಗಿಂದು ಒಂದು ತೊಗೊಂಡು ಮೊದಲ ನೀವು ಊದ್ರಿ ಸರ್. ಆಮ್ಯಾಲ ನಾ ಮಂದಿ ಬಾಯಾಗ ಇಡತೀನಿ."

ಮರುದಿನ ರಟ್ಟಿನ ಹೊಸ ಕೊಳವೆಗಳು ಬಂದವು.

ಶರಣಮ್ಮ ರಾಯಚೂರು ಕಡೆಯವರು, ಐವತ್ತರ ಆಸುಪಾಸು. ಗಂಜಿ ಹಾಕಿದ ಸೀರೆಯ ಮೇಲೆ ಬಿಳಿ ಕೋಟು. ಕೊಳಕು ಕಂಡರೆ ಉರಿದು ಬೀಳುವ ಹೆಂಗಸು ಕಾರ್ಮಿಕರ ಮೈ ಮುಟ್ಟಲು ಮಾತ್ರ ಎಂದೂ ಹಿಂಜರಿಯಲಿಲ್ಲ. ನಿಂತಲ್ಲೇ ತುಳಿಯುವ ಪರೀಕ್ಷೆಯ ಸೈಕಲ್ಲಿನ ಮುಂದೆ ಮಂಡಿಯೂರಿ, ಬೂಟಿನೊಳಗೆ ಬೆಂದು ನಾರುವ ಪಾದಗಳನ್ನು ತಾವೇ ಹಿಡಿದು ಪೆಡಲಿನ ಮೇಲೆ ಇಡುತ್ತಿದ್ದರು. ನಾನು ಅಲ್ಲಿ ವರದಿ ಟೈಪು ಮಾಡುವವನು. ಒಮ್ಮೆ ಮೂಗು ಮುಚ್ಚಿಕೊಂಡೆ. "ಮಂದಿ ಹೊಲಸಲ್ಲಪಾ, ಅವರನ್ನ ಹೊಲಸಿನ್ಯಾಗ ನಿಲ್ಲಿಸ್ಯಾರ" ಎಂದು ಗದರಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ ಆಡುತ್ತ ಬೆಳೆದ ನನಗೆ ಕನ್ನಡದ ಆ ಗದರಿಕೆಯೂ ಹಿತವಾಗಿತ್ತು. ನಿಧಾನಕ್ಕೆ ಯಂತ್ರ ನಡೆಸುವುದನ್ನೂ ಅವರೇ ಕಲಿಸಿದರು.

ಒಂದು ಬೆಳಿಗ್ಗೆ ಜೀಡಿಮೆಟ್ಲಾದ ರಾಸಾಯನಿಕ ಕಾರ್ಖಾನೆಯೊಂದರಿಂದ ಮಲ್ಲಪ್ಪ ಎಂಬಾತ ಬಂದ. ದೇವದುರ್ಗದವನು, ಐದು ವರ್ಷದಿಂದ ದ್ರಾವಣದ ಡ್ರಮ್ಮು ಹೊರುತ್ತಿದ್ದ. ಅವನ ಅಂಗಿಯಿಂದ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಹೊಡೆಯುತ್ತಿತ್ತು. ಕುಳಿತಾಗ ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಮ್ಲಜನಕ ಶೇಕಡಾ ತೊಂಬತ್ತೇಳು ಎಂದು ತೋರಿಸಿತು. ಶರಣಮ್ಮ ಸೈಕಲ್ ಹತ್ತಿಸಿದರು. ನಾಲ್ಕು ನಿಮಿಷ ತುಳಿಯುವಷ್ಟರಲ್ಲಿ ಅಂಕಿ ಎಂಬತ್ತೈದಕ್ಕೆ ಇಳಿಯಿತು. ತುಟಿ ನೇರಳೆಯಾಯಿತು. ಅವರು ತಕ್ಷಣ ನಿಲ್ಲಿಸಿ ಅವನ ಬೆನ್ನಿಗೆ ಕೈ ಕೊಟ್ಟರು.

"ಕುಂತಾಗ ಚಲೋ ಇತ್ತಲ್ರೀ ಅಕ್ಕಾ?" ಎಂದು ಅವನು ಏದುಸಿರಿನಲ್ಲೇ ಕೇಳಿದ.

"ಕುಂತಾಗ ರಕ್ತ ಸಾವಕಾಶ ಹರೀತೈತಿ ತಮ್ಮಾ. ಪುಪ್ಪುಸದಾಗ ನಿಂತು ಗಾಳಿ ತುಂಬಿಕೊಳ್ಳಾಕ ಪುರಸೊತ್ತು ಇರತೈತಿ. ಕೆಲಸಾ ಮಾಡುವಾಗ ತೊಡಿ, ತೋಳು ಭಾಳ ಗಾಳಿ ಬೇಡತಾವು. ಗುಂಡಿಗಿ ರಕ್ತಾನ ಜೋರಿಲೆ ದೂಡತೈತಿ. ತೊಡಿಯಾಗಿನ ಕೆಟ್ಟ ಗಾಳಿ ಹೊತ್ತು ತಂದ ರಕ್ತ ಅದನ್ನ ಇಳಿಸಿ, ಚಲೋ ಗಾಳಿ ತುಂಬಿಕೊಂಡು ಓಡಬೇಕು. ನಿನ್ನ ಪುಪ್ಪುಸದ ಪರದಿ ದಪ್ಪ ಆಗೇತಿ ಅನಸತೈತಿ. ಗಾಳಿ ದಾಟೂದರಾಗ ರಕ್ತ ಮುಂದ ಹೋಗಿಬಿಡತೈತಿ."

ಮಾಲೀಕ ಒಳಗೆ ಬಂದು ಅಂಕಿ ನೋಡಿದ. ಕಾರ್ಖಾನೆಯವರು ಸೈಕಲ್ ತುಳಿಸಲು ಹೇಳಿಲ್ಲ, ಕುಳಿತಾಗಿನ ಅಂಕಿಯೊಂದೇ ಸಾಕು ಎಂದ.

"ಅಂವ ಕುಂತಕೊಂಡು ಡ್ರಮ್ ಹೊರತಾನೇನ್ರಿ?" ಎಂದರು ಶರಣಮ್ಮ.

ಮಾಲೀಕ ನನ್ನ ಕಡೆ ತಿರುಗಿ, "ಫಿಟ್ ಲಿಖೋ" ಎಂದ. ನಾನು ಬರೆದೆ. ಶ್ವಾಸಕೋಶ ಸಹಜ, ಕೆಲಸಕ್ಕೆ ಯೋಗ್ಯ. ಬೆರಳುಗಳು ತಡವರಿಸಲೂ ಇಲ್ಲ. ನನ್ನ ಬಗ್ಗೆ ನನಗೆ ಅಸಹ್ಯ ಹುಟ್ಟಿಸುವ ಸಂಗತಿ ಅದೇ.

ಶರಣಮ್ಮ ಒಂದು ಹಾಳೆಯ ಮೇಲೆ ಎರಡೂ ಅಂಕಿಗಳನ್ನು ಪೆನ್ನಿನಲ್ಲಿ ಬರೆದು, ಸಹಿ ಹಾಕಿ ಮಲ್ಲಪ್ಪನ ಕಿಸೆಯಲ್ಲಿ ತುರುಕಿದರು. "ಇವತ್ತ ಸರಕಾರಿ ದವಾಖಾನಿಗೆ ಹೋಗು. ನಾಳೆ ಅನಬ್ಯಾಡ." ಸಂಜೆಯೊಳಗೆ ಅವರ ಕೆಲಸ ಹೋಯಿತು. ಕೋಟನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಕಂಪ್ಯೂಟರಿನ ಪರದೆಯಿಂದ ತಲೆ ಎತ್ತಲಿಲ್ಲ.

ಕೆಲವು ತಿಂಗಳ ಬಳಿಕ ಕಾಚಿಗೂಡ ಸ್ಟೇಷನ್ನಿನಲ್ಲಿ ಸಿಕ್ಕರು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ರೈಲು ಬಂದು ನಿಂತಿತ್ತು. ಮಲ್ಲಪ್ಪನ ಬಗ್ಗೆ ಕೇಳಿದರು. ಸರ್ಕಾರಿ ಡಾಕ್ಟರು ಡ್ರಮ್ಮಿನ ಕೆಲಸ ಬಿಡಿಸಿದ್ದಾರೆ, ಔಷಧಿ ನಡೆದಿದೆ, ಈಗ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾನೆ ಎಂದೆ. ಅವರ ಮುಖ ಅರಳಿತು.

"ನನ್ನ ಜಾಗಾದಾಗ ಯಾರು ಅದಾರ?"

"ನಾನೇ ರೀ."

"ಮಂದಿ ಕಡಿಂದ ಸೈಕಲ್ ತುಳಸ್ತಿಯೇನು?"

ಸೈಕಲ್ಲನ್ನು ಮೂಲೆಗೆ ಸರಿಸಿದ್ದಾರೆ ಎಂದೆ. ಸರಿಸಿದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಅವರು ಬಹುಶಃ ಅರ್ಥ ಮಾಡಿಕೊಂಡರು. ಚೀಲ ಹಿಡಿದುಕೊಳ್ಳಲು ಕೈ ಚಾಚಿದೆ. ಅವರು ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬೋಗಿ ಹತ್ತಿದರು. ನಾನು ನಿಂತಿದ್ದ ಕಡೆಯ ಕಿಟಕಿಯಲ್ಲಿ ಸೀಟು ಖಾಲಿ ಇತ್ತು. ಶರಣಮ್ಮನವರು ಆಚೆ ಬದಿಯ ಕಿಟಕಿಗೆ ಹೋಗಿ ಕುಳಿತರು.