ಹಿಂದಿನ ಸೀಟಿನ ಮಾತು ಕೇಳುವ ಸೈಲೆನ್ಸರ್

ಕಾರವಾರದ ಉಪ್ಪುಗಾಳಿ ಬೈಕಿನಲ್ಲಿ ಮೊದಲು ತಿನ್ನುವುದು ಸೈಲೆನ್ಸರನ್ನು. ನನ್ನದು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಯಲ್ಲಿ ತುಕ್ಕು ಹಿಡಿದು ತೂತಾಯಿತು. ವೆಲ್ಡಿಂಗ್ ಮಾಡಿಸಿದೆ, ಮತ್ತೆ ಒಡೆಯಿತು. ಕೊನೆಗೆ ವೆಲ್ಡಿಂಗ್ ಹಿಡಿಯುವುದಕ್ಕೂ ತಗಡು ಉಳಿಯಲಿಲ್ಲ. ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ನಾನು ಕಾರವಾರದಲ್ಲಿ ಕಡಲಿಗೆ ಹೋಗುವವರ ಮನೆಯವ, ಆದರೆ ಮೀನು ಹಿಡಿಯಲಿಲ್ಲ. ಅಂಕೋಲೆಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಹೆಂಡತಿ ಅದೇ ದಾರಿಯ ಹಟ್ಟಿಕೇರಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಒಂದೇ ಬೈಕಿನಲ್ಲಿ ಹೊರಟು ಅವಳನ್ನು ಶಾಲೆಯ ಮುಂದೆ ಇಳಿಸಿ ನಾನು ಮುಂದೆ ಹೋಗುತ್ತಿದ್ದೆ. ಆಗಷ್ಟೇ ಮದುವೆಯಾಗಿತ್ತು, ಮನೆ ತುಂಬ ಜನ. ಗಂಡಹೆಂಡಿರ ಮಾತೆಲ್ಲ ನಡೆಯುತ್ತಿದ್ದುದು ಆ ದಾರಿಯಲ್ಲೇ.

ಹೊಸ ಸೈಲೆನ್ಸರ್ ಬೇಕಾಯಿತು. ಹೇಗೂ ಬದಲಿಸುವುದೇ ಆದರೆ ದಾರಿಯ ಬಿಣಗಾ ಘಾಟಿಯಲ್ಲಿ ಇಬ್ಬರನ್ನು ಹೊತ್ತು ಏದುಸಿರು ಬಿಡದೆ ಹತ್ತುವಂಥದ್ದು ಸಿಗಲಿ ಎಂದು ನನ್ನ ಆಸೆ. ಪಿಕಪ್ ಬೇಕು, ಪೊಲೀಸರು ಕೈ ಅಡ್ಡ ಹಾಕಬಾರದು.

ಸುದ್ದಿ ಮಾಜಾಳಿಯಲ್ಲಿದ್ದ ಹೆಂಡತಿಯ ತಮ್ಮನಿಗೆ ಮುಟ್ಟಿತು. ದಿನಾ ಗೋವೆಗೆ ಕೆಲಸಕ್ಕೆ ಹೋಗಿಬರುವವ ಅವನು. ಮರುವಾರವೇ ಮಡಗಾಂವದಿಂದ ಒಂದು ಗಿಡ್ಡ, ಹೊಳೆಯುವ ಸೈಲೆನ್ಸರ್ ಪೈಪು ತಂದು ಅಂಗಳದಲ್ಲಿ ಇಟ್ಟ.

"ಒಂದ್ಸಲ ಹಾಕಿ ನೋಡಿ ಭಾವ. ಆಮೇಲೆ ನೀವೇ ಬಿಚ್ಚೂದಿಲ್ಲ" ಎಂದ.

ಹಾಕಿದೆ. ಅದರ ಗುಡುಗಿಗೆ ಮೊದಲೆರಡು ದಿನ ಖುಷಿಯೂ ಆಯಿತು. ಆದರೆ ಎಂಜಿನ್ನುಗಳ ಜೊತೆಯೇ ಹೊಟ್ಟೆ ಹೊರೆಯುವವನಿಗೆ ಸದ್ದು ಬೇರೆ, ಎಳೆಯುವ ಶಕ್ತಿ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಘಾಟಿಯ ಬುಡದಿಂದ ಮೂರನೇ ಗಿಯರಿನಲ್ಲಿ ಬಿಟ್ಟು ನೋಡಿದೆ. ಅರ್ಧ ಏರುವಷ್ಟರಲ್ಲಿ ಬೈಕು ಸೋತು ಎರಡಕ್ಕೆ ಇಳಿಸಬೇಕಾಯಿತು. ಹಳೆಯದು ಕೂಡ ಅಷ್ಟು ಬೇಗ ಸೋತಿರಲಿಲ್ಲ. ಹೊಗೆ ತೀರಾ ಸಲೀಸಾಗಿ ಹೊರಗೆ ಹೋಗುವ ಪೈಪು ನೇರ ರಸ್ತೆಯಲ್ಲಿ ವೇಗಕ್ಕೆ ಒಳ್ಳೆಯದು; ನಿಧಾನಕ್ಕೆ ಭಾರ ಎಳೆಯುವಾಗ ಕೈಕೊಡುತ್ತದೆ. ನಮ್ಮದೋ ತಿರುವು, ಏರು, ಲಾರಿಗಳ ಹಿಂಬದಿ ಕಾಯುವ ದಾರಿ.

ಊರಿಗೂ ಅದು ಸರಿಬರಲಿಲ್ಲ. ಇರುಳೆಲ್ಲ ಕಡಲಲ್ಲಿದ್ದು ಬಂದ ಪಕ್ಕದ ಮನೆಯವರು ಮಲಗುವ ಹೊತ್ತಿಗೇ ನಾನು ಬೈಕು ಚಾಲೂ ಮಾಡುವುದು. ರಸ್ತೆಯ ತನಕ ತಳ್ಳಿಕೊಂಡು ಹೋಗಬಹುದೇ ಎಂದು ಅವರು ನನ್ನ ಅಮ್ಮನ ಹತ್ತಿರ ಕೇಳಿಸಿದರು. ತಳ್ಳಿದೆ. ಅಂಕೋಲೆಯಲ್ಲಿ ಪೊಲೀಸರು ನಿಲ್ಲಿಸಿ, ಇನ್ನೊಮ್ಮೆ ಕಂಡರೆ ದಂಡ ಹಾಕುತ್ತೇವೆ ಎಂದು ಹೇಳಿ ಬಿಟ್ಟರು.

ಅದೇ ವಾರ ಊಟಕ್ಕೆ ಕೂತಾಗ ಹೆಂಡತಿ ಅಮ್ಮನಿಗೆ ಹೇಳುತ್ತಿದ್ದಳು: ಕಾರವಾರದ ಶಾಲೆಗೆ ವರ್ಗ ಸಿಗುವುದಿತ್ತಂತೆ, ಬೇಡವೆಂದು ಹೆಡ್ ಮಾಸ್ತರರಿಗೆ ತಿಳಿಸಿದಳಂತೆ. ಆಮೇಲೆ ಹಿತ್ತಿಲಲ್ಲಿ ಸಿಕ್ಕಿದಾಗ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದೆ.

"ಕೇಳಿದ್ದೆ ಅಲ್ಲ, ಘಾಟಿ ಹತ್ತೂವಾಗ. ನೀವು ಹೂಂ ಅಂದ್ರಿ."

"ನಂಗೆ ಒಂದಕ್ಷರ ಕೇಳ್ಲಿಲ್ಲ."

"ಅದೂ ಗೊತ್ತಿತ್ತು" ಎಂದಳು. "ಕಾರವಾರಕ್ಕೆ ಬಂದ್ರೆ ಈ ದಾರಿ ನಿಮ್ಗೊಬ್ರಿಗೇ ಆಗ್ತದೆ."

ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೇ ಹಿಗ್ಗಿದೆ ಎಂದರೂ ಸುಳ್ಳಲ್ಲ. ಮರುದಿನವೇ ಪೈಪು ಬಿಚ್ಚಿಟ್ಟೆ.

ಕಾರವಾರದ ಬಿಡಿಭಾಗಗಳ ಅಂಗಡಿಯವರು ಹುಬ್ಬಳ್ಳಿಯಿಂದ ಎರಡು ಸೈಲೆನ್ಸರ್ ತರಿಸಿಕೊಟ್ಟರು. ಒಂದರ ಸದ್ದು ತಡೆಯುವ ಒಳಕೊಳವೆ ಸ್ಕ್ರೂ ತೆಗೆದರೆ ಹೊರಗೆ ಬರುತ್ತಿತ್ತು. ಬೇಕೆಂದಾಗ ಸದ್ದು ಮಾಡಬಹುದು ಎಂದು ಅವರು ಅದನ್ನೇ ಹೊಗಳಿದರು. ಬಿಚ್ಚುವ ಆಸೆ ಹುಟ್ಟಿಸುವ ವಸ್ತು ಬೇಡ ಎಂದು ಪಕ್ಕಕ್ಕಿಟ್ಟೆ. ಇನ್ನೊಂದು ಉದ್ದನೆಯದು, ಒಳಕೊಳವೆ ಗಟ್ಟಿಯಾಗಿ ಬೆಸೆದಿತ್ತು, ಬಾಯಿ ಕಂಪನಿಯದಕ್ಕಿಂತ ತುಸು ಅಗಲ, ರಸ್ತೆಯಲ್ಲಿ ಓಡಿಸಲು ಒಪ್ಪಿಗೆಯಿದೆ ಎಂಬ ಮುದ್ರೆ ತಗಡಿನ ಮೇಲೇ ಇತ್ತು. ಅಂಗಡಿಯ ಮುಂದೆಯೇ ಜೋಡಿಸಿ, ಬೈಕು ಚಾಲೂ ಮಾಡಿ, ಹೆಂಡತಿಯನ್ನು ಹಿಂದೆ ಕೂರಿಸಿ ಏನಾದರೂ ಮೆಲ್ಲಗೆ ಹೇಳು ಎಂದೆ. ಅವಳು ಹದಿಮೂರರ ಮಗ್ಗಿ ಶುರು ಮಾಡಿದಳು. ನಾನು ಆಕ್ಸಿಲರೇಟರ್ ತಿರುಗಿಸುತ್ತಾ ಅವಳ ಹಿಂದೆಯೇ ಉತ್ತರ ಹೇಳುತ್ತಾ ಹೋದೆ. ಅಂಗಡಿಯವರು ನಗುತ್ತಾ ನಿಂತಿದ್ದರು. ಹದಿಮೂರು ಎಂಟಲೆಯಲ್ಲಿ ನಾನು ತಪ್ಪಿದೆ. ಅದು ಸೈಲೆನ್ಸರಿನ ತಪ್ಪಾಗಿರಲಿಲ್ಲ.

ಅದಕ್ಕೆ ತಕ್ಕ ಹಾಗೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿ, ಒಂದಿಷ್ಟು ದಿನ ಓಡಿಸಿ ಪ್ಲಗ್ ಬಿಚ್ಚಿ ನೋಡಿದೆ. ಬಿಸ್ಕಿಟಿನ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ನೆಮ್ಮದಿಯಾಗಿದೆ ಎಂದರ್ಥ. ಪಕ್ಕದ ಮನೆಯವರ ಅಂಗಳದಲ್ಲೇ ಚಾಲೂ ಮಾಡಿದರೂ ಯಾರೂ ಏಳಲಿಲ್ಲ.

ಪೈಪು ವಾಪಸು ಒಯ್ಯಲು ಬಂದ ಹೆಂಡತಿಯ ತಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಹಿಂದೆ ಕೂರಿಸಿಕೊಂಡು ಘಾಟಿಗೆ ಹೊರಟೆ. ದಾರಿಯುದ್ದಕ್ಕೂ ಅದೇ ಮಾತು, ಬೈಕು ಅಂದಮೇಲೆ ಬೈಕಿನ ಸದ್ದು ಇರಬೇಕು, ಇದು ಹೊಲಿಗೆ ಮಿಶನ್ನಿನ ಹಾಗಿದೆ ಎಂದು. ಅರ್ಧ ಏರು ದಾಟಿದ ಮೇಲೆ ಕೇಳಿದೆ:

"ಯಾವ ಗಿಯರಿನಲ್ಲಿ ಇದ್ದೇವೆ ಹೇಳು?"

"ಎರಡರಲ್ಲಿ" ಎಂದ.

ಬಗ್ಗಿ ನನ್ನ ಕಾಲು ನೋಡಲು ಹೇಳಿದೆ. ಅವನ ಕಣ್ಣೆದುರೇ ಒಂದು ಗಿಯರು ಇಳಿಸಿ ಎರಡಕ್ಕೆ ತಂದೆ, ಬೈಕು ಮುಂದಕ್ಕೆ ಜಿಗಿಯಿತು. ಮತ್ತೆ ಮೂರಕ್ಕೆ ಹಾಕಿ ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದೆ. ತುದಿ ಮುಟ್ಟಿದ ಮೇಲೆ ಅವನು ಇಳಿದು ಸೈಲೆನ್ಸರನ್ನು ಬಗ್ಗಿ ನೋಡಿದ. ಆಮೇಲೆ, ಇಂಥದ್ದು ತನ್ನ ಬೈಕಿಗೂ ಸಿಗಬಹುದೇ ಎಂದು ಕೇಳಿದ.